ಬಿಸಿನ ಹತ್ತವಲ್ದವ್ವಾ

ನವಲಗುಂದ ಕಡೆಯ ಆ ಅಜ್ಜ ಮೀನಖಂಡ ಸೆಳೆಯುತ್ತದೆ ಅಂತ ಬಂದಿದ್ದರು. ನಾನಾಗ ಫಿಜಿಯೋಥೆರಪಿ ಇಂಟರ್ನ್. ಹೊರಗೆ ಬೆಂಚಿನ ತುಂಬ ಜನ. ಹಾಟ್ ಪ್ಯಾಕನ್ನು ಟವೆಲ್‌ನಲ್ಲಿ ಸುತ್ತಿ ಮೀನಖಂಡದಿಂದ ಹಿಮ್ಮಡದವರೆಗೆ ಬರುವಂತೆ ಇಟ್ಟು ಮುಂದಿನವರ ಕಡೆ ಹೋದೆ. ಐದು ನಿಮಿಷಕ್ಕೆ ಅಜ್ಜ ಕರೆದರು: "ಬಿಸಿನ ಹತ್ತವಲ್ದವ್ವಾ, ಇನ್ನೊಂದೀಟ ಕಾಸಿದ್ದು ಹಾಕ." ನಾನು ಟವೆಲ್ಲಿನ ಒಂದು ಮಡಿಕೆ ತೆಗೆದೆ.

ಮರುದಿನ ಬಂದಾಗ ಹಿಮ್ಮಡದ ಮೇಲೆ ಅರ್ಧ ಲಿಂಬಿಹಣ್ಣಿನಷ್ಟು ಗುಳ್ಳೆ ಎದ್ದಿತ್ತು. ಅಜ್ಜನಿಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ, ಅದರಲ್ಲಿ ಕಾಲಿನ ನರ ಕೆಟ್ಟು ಬಿಸಿ ತಿಳಿಯದೆ ಹೋಗಬಹುದು. ಶಾಖ ಕೊಡುವ ಮೊದಲು ಆ ಚರ್ಮಕ್ಕೆ ಬಿಸಿ, ತಂಪು ತಿಳಿಯುತ್ತದೋ ಇಲ್ಲವೋ ನೋಡಬೇಕು. ಎರಡು ಪ್ರನಾಳ, ಒಂದರಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು. ಎರಡು ನಿಮಿಷದ ಕೆಲಸ. ಪರೀಕ್ಷೆಯಲ್ಲಿ ಇದನ್ನು ತಪ್ಪಿಲ್ಲದೆ ಬರೆದವಳು ಆ ದಿನ ಮಾಡಲಿಲ್ಲ. ತಪ್ಪು ನನ್ನದೇ.

ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಡ್ರೆಸ್ಸಿಂಗ್ ಇದ್ದ ದಿನವೆಲ್ಲ ನಾನೂ ಹೋಗಿ ನಿಲ್ಲುತ್ತಿದ್ದೆ. ಅಜ್ಜ ಒಂದು ದಿನವೂ ಬಯ್ಯಲಿಲ್ಲ. "ನೀ ಏನ್ ಮಾಡ್ತೀಬೇ, ಕಾಲಿನ ಜೀವನ ಹೋಗೇತಿ" ಅಂದರು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ನೋವಿದ್ದವರು ಆಸ್ಪತ್ರೆಗೆ ಬಂದೇ ಬರುತ್ತಾರೆ. ನೋವೇ ಗೊತ್ತಾಗದ ಕಾಲು ಎರಿ ಹೊಲದಲ್ಲಿ ಜಾಲಿಮುಳ್ಳು ತುಳಿದುಕೊಂಡೇ ಮನೆಗೆ ಬರುತ್ತದೆ, ರಾತ್ರಿ ಅದೇ ಕಾಲನ್ನು ಬಚ್ಚಲದಲ್ಲಿ ಕುದಿನೀರಿಗೆ ಇಡುತ್ತಾರೆ.

ಪೊಡಿಯಾಟ್ರಿ ಅನ್ನುವ ಹೆಸರನ್ನು ನಾನು ಸರಿಯಾಗಿ ಓದಿದ್ದು ಆ ಎರಡು ತಿಂಗಳಲ್ಲಿ. ಪಾದಕ್ಕೆಂದೇ ಇರುವ ವಿದ್ಯೆ. ಒಂದು ಪಾದದಲ್ಲಿ 26 ಎಲುಬು, ಎರಡೂ ಸೇರಿದರೆ 52. ಮೈಯಲ್ಲಿರುವ 206 ಎಲುಬುಗಳಲ್ಲಿ ಕಾಲುಭಾಗ ಅಲ್ಲೇ ಇದೆ. ನಮ್ಮ ಕೋರ್ಸಿನಲ್ಲಿ ಅದಕ್ಕೆ ಸಿಕ್ಕಿದ್ದು ಕೆಲವೇ ದಿನ.

ಇಂಟರ್ನ್‌ಶಿಪ್ ಮುಗಿದ ಮೇಲೆ ಆರು ತಿಂಗಳು ಹುಬ್ಬಳ್ಳಿಯಲ್ಲೇ ಒಬ್ಬ ಡಾಕ್ಟರ ಬಳಿ ಶುಗರ್‌ನವರ ಕಾಲು ನೋಡುವ ಕೆಲಸ ಮಾಡಿದೆ. ಉಪಕರಣ ಹೆಚ್ಚಿಲ್ಲ. ಮೀನು ಹಿಡಿಯುವ ಗಾಳದ ದಾರದಂಥ ಒಂದು ನೈಲಾನ್ ಎಳೆ, ಹೆಸರು ಮಾನೋಫಿಲಮೆಂಟ್. ಚರ್ಮಕ್ಕೆ ಒತ್ತಿದರೆ ಸರಿಯಾಗಿ 10 ಗ್ರಾಂ ಭಾರಕ್ಕೆ ಬಾಗುತ್ತದೆ. ಕಣ್ಣು ಮುಚ್ಚಿಸಿ ಅಂಗಾಲಿನ ಅಲ್ಲಲ್ಲಿ ತಾಗಿಸುತ್ತ ಹೋಗಬೇಕು, ತಾಗಿದಾಗೆಲ್ಲ ಅವರು "ಹ್ಞೂಂ" ಅನ್ನಬೇಕು. ಆಮೇಲೆ ತಟ್ಟಿದರೆ ನಡುಗುವ ಲೋಹದ ಕವಲು, ಅಂದರೆ 128 ಹರ್ಟ್ಸ್ ಟ್ಯೂನಿಂಗ್ ಫೋರ್ಕನ್ನು ಹೆಬ್ಬೆರಳ ತುದಿಗೆ ಇಟ್ಟು, ನಡುಕ ಗೊತ್ತಾಗುತ್ತದಾ ಅಂತ ಕೇಳಬೇಕು. ಎಳೆ ಬಾಗಿ ನಿಂತಿದೆ, ಎದುರಿಗಿದ್ದವರು ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ದಾರೆ, ಇನ್ನೂ ಶುರುವೇ ಆಗಿಲ್ಲ ಅಂದುಕೊಂಡಿದ್ದಾರೆ. ಆ ಮೌನಕ್ಕೆ ನಾನಿನ್ನೂ ಒಗ್ಗಿಲ್ಲ.

ಅಪ್ಪನ ಬಗ್ಗೆ ಈಗ ಹೇಳಬೇಕು. ಹಳೇ ಹುಬ್ಬಳ್ಳಿಯಲ್ಲಿ ನಮ್ಮದು ಚಪ್ಪಲಿ ಅಂಗಡಿ. ಮಾರುವುದಷ್ಟೇ ಅಲ್ಲ, ಅಪ್ಪ ಇವತ್ತಿಗೂ ಕೈಯಿಂದ ಹೊಲಿಯುತ್ತಾನೆ. ಗೋಡೆಯ ಮೇಲೆ ಹರಳಯ್ಯನವರ ಫೋಟೋ, ಕೆಳಗೆ ರಂಪಿಗಿ, ಉಳಿ, ಮೇಣ ಹಚ್ಚಿದ ದಾರ. ಅಜ್ಜನ ಗಾಯ ಮಾಯುತ್ತಿದ್ದಾಗ ಅವರ ಹಳೇ ಜೋಡನ್ನು ಅಪ್ಪನಿಗೆ ಒಯ್ದು ತೋರಿಸಿದೆ. ಅಪ್ಪ ಅದನ್ನು ಬೆಳಕಿಗೆ ಹಿಡಿದು, ಒಳಗೆ ಹೆಬ್ಬೆರಳು ಹಾಕಿ ಸವರಿ ಅಂದ: "ಎಡಗಾಲ ಎಳಕೊಂಡ ನಡೀತಾರ ಅವರು. ತೂಕೆಲ್ಲಾ ಹೆಬ್ಬಟ್ಟಿನ ಬುಡಕ್ಕ ಬೀಳತೈತಿ. ಅಲ್ಲೆ ದಡ್ಡಗಟ್ಟಿರಬೇಕು, ನೋಡ ಹೋಗು."

ಅಲ್ಲೇ ದಡ್ಡುಗಟ್ಟಿತ್ತು. ಒಂದು ರೂಪಾಯಿ ನಾಣ್ಯದಗಲ, ಹಳದಿಗೆ ತಿರುಗಿದ ಗಟ್ಟಿ ಚರ್ಮ, ನಡುವೆ ಕಪ್ಪು ಚುಕ್ಕೆ. ಆ ಚುಕ್ಕೆ ಅಂದರೆ ಅಡಿಯಲ್ಲಿ ರಕ್ತ ಒಸರಿದೆ ಅಂತ, ಹುಣ್ಣು ಆಗುವ ಮುನ್ಸೂಚನೆ. ಹಿಮ್ಮಡದ ಗುಳ್ಳೆಯನ್ನೇ ನೋಡುತ್ತಿದ್ದ ನಾವು ಯಾರೂ ಮುಂಗಾಲನ್ನು ನೋಡಿರಲಿಲ್ಲ. ಕಾಲು ನೋಡದೆಯೇ ಅಪ್ಪ ಹೇಳಿದ್ದ.

ವೆಲ್ಲೂರಿನಲ್ಲಿ 1946ರಿಂದ ಕುಷ್ಠರೋಗಿಗಳ ನಡುವೆ ಕೆಲಸ ಮಾಡಿದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರಚಿಕಿತ್ಸಕರ ಬಗ್ಗೆ ಓದಿದಾಗ ನನಗೆ ಅಪ್ಪನೇ ನೆನಪಾದ. ಬೆರಳು ಕರಗುವುದು ರೋಗದಿಂದಲ್ಲ, ನೋವು ತಿಳಿಯದ ಜಾಗದ ಮೇಲೆ ಅದೇ ಒತ್ತಡ ಮತ್ತೆ ಮತ್ತೆ ಬೀಳುವುದರಿಂದ ಅಂತ ಅವರು ತೋರಿಸಿದರು. ಗಾಯಕ್ಕೆ ಔಷಧ ಎಷ್ಟು ಮುಖ್ಯವೋ ಕಾಲಿಗೆ ಹಾಕುವ ಜೋಡೂ ಅಷ್ಟೇ ಮುಖ್ಯ. ಆ ತಿಳಿವಳಿಕೆಯೇ ಮುಂದೆ ಸಕ್ಕರೆ ಕಾಯಿಲೆಯ ಪಾದಕ್ಕೂ ಬಂತು. ಅಪ್ಪ ಎಂಸಿಆರ್ ಅನ್ನುವ ಮೆತ್ತನೆಯ ರಬ್ಬರ್ ಹಾಳೆ ತರಿಸಿ ಅಜ್ಜನಿಗೆ ಒಂದು ಜೊತೆ ಹೊಲಿದುಕೊಟ್ಟ. ಹೆಬ್ಬೆರಳು ತೂರಿಸುವ ಉಂಗುಷ್ಠ ಅದಕ್ಕಿಲ್ಲ, ಬೆರಳ ಸಂದಿಯಲ್ಲಿ ಏನೂ ತಿಕ್ಕಬಾರದು. ಹಿಂದೆ ಪಟ್ಟಿ ಬೇಕೇಬೇಕು, ಜೀವ ಇಲ್ಲದ ಕಾಲಿನಿಂದ ಚಪ್ಪಲಿ ಜಾರಿ ಬಿದ್ದರೂ ಅವರಿಗೆ ಗೊತ್ತಾಗುವುದಿಲ್ಲ.

ಇಂಗ್ಲೆಂಡಿನಲ್ಲಿ ಬೇರೆ ಪದವಿ ಮುಗಿಸಿ ಬಂದವರಿಗೂ ಎರಡು ವರ್ಷದ ಪೊಡಿಯಾಟ್ರಿ ಎಂಎಸ್ಸಿ ಇದೆ. ನನಗೆ ಸೀಟು ಸಿಕ್ಕಿದೆ, ಬರುವ ಸೆಪ್ಟೆಂಬರ್‌ಗೆ ಹೊರಡಬೇಕು. ಓದಿನ ಜೊತೆಗೆ ಸುಮಾರು 1000 ಗಂಟೆ ರೋಗಿಗಳ ನಡುವೆಯೇ ಕೆಲಸ. ಉಗುರಿನ ಸಣ್ಣ ಶಸ್ತ್ರಚಿಕಿತ್ಸೆ, ಅದಕ್ಕೆ ಬೇಕಾದ ಅರಿವಳಿಕೆ ಇಂಜೆಕ್ಷನ್ ಕೂಡ ಕಲಿಸುತ್ತಾರೆ. ಮುಗಿದ ಮೇಲೆ ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಆ ಪಟ್ಟಿಯಲ್ಲಿ ಇಲ್ಲದವರು ಅಲ್ಲಿ ಪೊಡಿಯಾಟ್ರಿಸ್ಟ್ ಅಂತ ಬೋರ್ಡ್ ಹಾಕಿಕೊಳ್ಳುವಂತಿಲ್ಲ, ಕಾನೂನೇ ಇದೆ. ಸಾಲಕ್ಕೆ ಅಣ್ಣ ಸಹಿ ಹಾಕಿದ್ದಾನೆ. ಕಲಿತು ಕೆಲವು ವರ್ಷ ಅಲ್ಲಿ ದುಡಿದು ಸಾಲ ತೀರಿಸಿ, ಹುಬ್ಬಳ್ಳಿಗೇ ಬರುತ್ತೇನೆ. ನನ್ನ ಕ್ಲಿನಿಕ್ ಅಪ್ಪನ ಅಂಗಡಿಯ ಮಗ್ಗುಲಲ್ಲೇ ಇರಬೇಕು ಅನ್ನುವುದು ನನ್ನ ಆಸೆ.

"ಇಷ್ಟ ಓದಿ ಮಂದಿ ಕಾಲ ಮುಟ್ಟೂದ್ಯಾಕ?" ಅಂತ ಸೋದರತ್ತೆ ಕೇಳಿದಳು. ಅತ್ತೀ, ಮಂದಿಯ ಕಾಲಿನಿಂದಲೇ ನಮ್ಮ ಮನೆ ಮೂರು ತಲೆಮಾರು ಉಂಡಿದೆ ಅಂದೆ. ಅವಳು ಸುಮ್ಮನಾದಳು. ಅವಳ ಸಂಕಟ ನನಗೂ ಗೊತ್ತು. ನಮ್ಮನ್ನು ಹೊಸ್ತಿಲಾಚೆ ನಿಲ್ಲಿಸಿ ಕಾಲಳತೆ ಕೊಟ್ಟ ಮನೆಗಳನ್ನು ಅವಳು ಕಣ್ಣಾರೆ ಕಂಡಿದ್ದಾಳೆ.

ಅಲ್ಲಿ ಮೊದಲು ಕಲಿಸುವುದರಲ್ಲಿ ಒಂದು, ದಡ್ಡುಗಟ್ಟಿದ ಚರ್ಮವನ್ನು ಸ್ಕಾಲ್ಪೆಲ್‌ನಿಂದ ಪದರು ಪದರಾಗಿ ತೆಗೆಯುವುದು. ರಕ್ತ ಬರಬಾರದು, ಒಳಗಿನ ಜೀವಂತ ಚರ್ಮಕ್ಕೆ ತಾಗಬಾರದು. ಇದನ್ನು ಹೇಳಿದ್ದೇ ತಡ, ಅಪ್ಪ ಒಂದು ತುಂಡು ಚರ್ಮ ಕೊಟ್ಟು ಕೂರಿಸಿದ. ಈಗ ದಿನಾ ಸಂಜೆ ಅಂಗಡಿಯಲ್ಲಿ ಚರ್ಮದ ಅಂಚು ಹೆರೆಯುತ್ತೇನೆ. ಮೊದಲ ವಾರ ಎರಡು ಕಡೆ ತೂತು ಬಿತ್ತು.

"ಕೈ ಎತ್ತಬ್ಯಾಡಬೇ, ಮಲಗಿಸು. ಒತ್ತೂದಲ್ಲ, ಸರಿಸೂದು. ಇನ್ನೆಷ್ಟ ಉಳದೈತಿ ಅಂತ ಎಡಗೈ ಬೆರಳ ಹೇಳತೈತಿ, ಅದರ ಮಾತ ಕೇಳು."

ನಿನ್ನೆ ಹೆರೆದಿದ್ದನ್ನು ಅಪ್ಪ ಬಲ್ಬಿಗೆ ಹಿಡಿದು ನೋಡಿದ. ಬೆಳಕು ಒಂದೇ ಸಮನೆ ಹಾಯ್ದು ಬಂತು, ಒಂದು ಮೂಲೆಯಲ್ಲಿ ಮಾತ್ರ ಸ್ವಲ್ಪ ದಪ್ಪ. ಏನೂ ಅನ್ನಲಿಲ್ಲ. ಆ ಮೂಲೆಯನ್ನು ಉಗುರಿನಿಂದ ಗುರುತು ಮಾಡಿ ನನ್ನ ಕೈಗೆ ವಾಪಸ್ ಕೊಟ್ಟ.