ಕುರ್ಚಿಯಡಿಯ ಹೆಸರು

ನಾಲ್ಕು ಭಾನುವಾರಗಳಿಂದ ನನ್ನ ಬಲಗೈಯ ಎರಡು ಬೆರಳಿಗೆ ಬ್ಯಾಂಡೇಜ್ ಸುತ್ತಿದೆ. ಕೆಳಮನೆಯ ಅಜ್ಜನ ಕುರ್ಚಿಗೆ ಹುರಿ ಹೆಣೆಯುತ್ತಿದ್ದೇನೆ. ಕಾಗದದ ಹುರಿ. ನಿಜವಾದ ಕಾಗದವನ್ನೇ ಬಿಗಿಯಾಗಿ ಹೊಸೆದು, ಮೂರು ಮಿಲಿಮೀಟರ್ ದಪ್ಪಕ್ಕೆ ತಂದಿರುತ್ತಾರೆ. ಜಗ್ಗಿ ಎಳೆದರೆ ಬೆರಳಿನ ಚರ್ಮ ಸುಲಿಯುತ್ತದೆಯೇ ಹೊರತು ಹುರಿ ಹರಿಯುವುದಿಲ್ಲ.

ಅಜ್ಜ ನಾನೀಗಿರುವ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲೇ ಹುಟ್ಟಿ ಬೆಳೆದವರು, ಜೀವನವಿಡೀ ಮರಗೆಲಸ ಮಾಡಿ ನಿವೃತ್ತರಾದವರು. ಡೇನಿಷ್ ಭಾಷೆಯಲ್ಲಿ ಮನೆಯ ಮಾಡು, ತೊಲೆ ಕಟ್ಟುವ ಬಡಗಿಗೆ ಒಂದು ಹೆಸರು, ಮೇಜು ಕುರ್ಚಿ ಮಾಡುವ ಬಡಗಿಗೆ ಇನ್ನೊಂದು. ಎರಡನೆಯವರನ್ನು ‘ಸ್ನೇಕರ್’ ಎನ್ನುತ್ತಾರೆ. ಅಜ್ಜ ಸ್ನೇಕರ್. ಇಲ್ಲಿ ಎಂಬತ್ತು ದಾಟಿದವರನ್ನೂ ಬರಿಯ ಹೆಸರು ಹಿಡಿದು ಕರೆಯುವುದು ರೂಢಿ. ನನಗೆ ಇವತ್ತಿಗೂ ಅದು ನಾಲಿಗೆಗೆ ಬರುವುದಿಲ್ಲ, ಹೆಸರೆತ್ತದೆ ಮಾತು ಮುಗಿಸುತ್ತೇನೆ.

ಡಿಸೆಂಬರ್‌ನಲ್ಲಿ ಈ ಊರಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಮಲೆನಾಡಿನ ಜಡಿಮಳೆಯ ಕತ್ತಲೆ ಕಂಡವಳು ನಾನು, ಆದರೂ ಮೊದಲ ವರ್ಷ ದಿಕ್ಕು ತೋಚಲಿಲ್ಲ. ಅಂಥದೊಂದು ಸಂಜೆ ಅಜ್ಜ ಕಾಫಿಗೆ ಕರೆದು, ಕಿಟಕಿಯ ಪಕ್ಕದ ಕುರ್ಚಿ ತೋರಿಸಿದರು. ಕೂತೆ. ನೆಲದಿಂದ ಹೆಚ್ಚುಕಡಿಮೆ 35 ಸೆಂಟಿಮೀಟರ್ ಎತ್ತರವಷ್ಟೇ, ಊಟದ ಕುರ್ಚಿಗಿಂತ ಸುಮಾರು ಒಂದು ಗೇಣಿನ ಅರ್ಧದಷ್ಟು ತಗ್ಗು. ಆಸನ ಹಿಂದಕ್ಕೆ ವಾಲಿದೆ. ಮೈಯ ಭಾರ ತೊಡೆಯ ಮೇಲೆ ನಿಲ್ಲದೆ ತಾನಾಗಿ ಬೆನ್ನಿಗೆ ಸರಿಯಿತು. ದಿಂಬಿಲ್ಲ, ಸ್ಪಂಜಿಲ್ಲ, ಓಕ್ ಮರದ ಚೌಕಟ್ಟು ಮತ್ತು ಹೆಣೆದ ಹುರಿ, ಅಷ್ಟೇ. ಹುರಿ ಮಾತ್ರ ಕೂತವರ ಮೈಗೆ ತಕ್ಕಷ್ಟು ಬಗ್ಗುತ್ತದೆ. ಒಂದೂವರೆ ಗಂಟೆ ಎದ್ದಿರಲಿಲ್ಲ. ಡೇನಿಷ್‌ನಲ್ಲಿ ಇಂಥ ಕುರ್ಚಿಗೆ ‘ಲೇನೆಸ್ಟೋಲ್’ ಎಂದು ಹೆಸರು. ಒರಗು ಕುರ್ಚಿ ಅಂತ ಕನ್ನಡದಲ್ಲಿ ಹೇಳಬಹುದು, ಚಂದವಾಗಿಯೇ ಕೇಳಿಸುತ್ತದೆ.

ಕಳೆದ ಶರತ್ಕಾಲದಲ್ಲಿ ಅದರ ಆಸನದ ಹುರಿ ಅಂಚಿನಲ್ಲಿ ಹರಿಯಿತು. ಅಜ್ಜನ ಬೆರಳ ಗಂಟುಗಳು ಈಗ ಮಡಚುವುದಿಲ್ಲ. “ನಾನು ಹೇಳಿಕೊಡುತ್ತೇನೆ, ನೀನು ಎಳೆ” ಎಂದರು. ಹಳೆಯ ಹುರಿಯನ್ನೆಲ್ಲ ಕತ್ತರಿಸಿ ತೆಗೆದು ಕುರ್ಚಿಯನ್ನು ಮಗುಚಿ ಹಾಕಿದಾಗ ಒಳಪಟ್ಟಿಯ ಮೇಲೆ ಸುಟ್ಟ ಮುದ್ರೆ ಕಂಡಿತು: ಮಾಡಿದ ಕಾರ್ಖಾನೆ ಕಾರ್ಲ್ ಹ್ಯಾನ್ಸನ್ ಆಂಡ್ ಸನ್, ಊರು ಓಡೆನ್ಸೆ, ವಿನ್ಯಾಸ ಹಾನ್ಸ್ ವೆಗ್ನರ್. ಮಾಡಿಸಿದವರು, ರೂಪ ಕೊಟ್ಟವರು, ಇಬ್ಬರೂ ಒಂದೇ ಮುದ್ರೆಯಲ್ಲಿ. ಆವತ್ತು ನನ್ನ ತಲೆ ಹೊಕ್ಕ ಸಂಗತಿ ಇನ್ನೂ ಇಳಿದಿಲ್ಲ.

ಈ ವೆಗ್ನರ್ ಹುಟ್ಟಿದ್ದು 1914ರಲ್ಲಿ, ಜರ್ಮನಿ ಗಡಿಯ ಹತ್ತಿರದ ಟ್ಯೋನರ್ ಎಂಬ ಸಣ್ಣ ಊರಲ್ಲಿ. ತಂದೆ ಚಪ್ಪಲಿ, ಬೂಟು ಹೊಲಿಯುವವರು. ಹುಡುಗ ಹದಿನಾಲ್ಕಕ್ಕೇ ಊರಿನ ಸ್ನೇಕರ್ ಒಬ್ಬರ ಹತ್ತಿರ ಕೆಲಸ ಕಲಿಯಲು ಸೇರಿದ. ಕಾಲೇಜು, ನಕ್ಷೆ, ಹೆಸರು ಎಲ್ಲ ಆಮೇಲೆ ಬಂದವು, ಮೊದಲು ಬಂದದ್ದು ಉಳಿ. ಬದುಕಿನಲ್ಲಿ 500ಕ್ಕೂ ಹೆಚ್ಚು ಕುರ್ಚಿ ರೂಪಿಸಿದರು. ನನ್ನ ಮುಂದೆ ಮಗುಚಿ ಬಿದ್ದಿದ್ದ ಕುರ್ಚಿ 1949ರಲ್ಲಿ ಆ ಕಾರ್ಖಾನೆಗಾಗಿ ಮೂರೇ ವಾರದಲ್ಲಿ ಅವರು ಮಾಡಿಕೊಟ್ಟ ನಾಲ್ಕು ಕುರ್ಚಿಗಳಲ್ಲಿ ಒಂದು, ಮಾದರಿಯ ಹೆಸರು ಸಿ.ಎಚ್. 25. ಅದೇ ಗುಂಪಿನ ಸಿ.ಎಚ್. 24, ಬೆನ್ನಲ್ಲಿ ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದ ಊಟದ ಕುರ್ಚಿ, ಅದನ್ನು ಚಿತ್ರದಲ್ಲಾದರೂ ನೀವು ನೋಡಿರುತ್ತೀರಿ. ಅದಕ್ಕೆ ಸುಮಾರು 120 ಮೀಟರ್ ಹುರಿ ಸಾಕು. ಈ ಒರಗು ಕುರ್ಚಿಗೆ ಬೆನ್ನು ಮತ್ತು ಆಸನ ಸೇರಿ 400 ಮೀಟರ್ ಬೇಕು. ಪಳಗಿದ ಕೈಗೆ ಹತ್ತು ಗಂಟೆಯ ಕೆಲಸ. ನಾನು ನಾಲ್ಕು ಭಾನುವಾರದಲ್ಲಿ ಆಸನ ಮುಗಿಸಿದ್ದೇನೆ. ಮೊದಲ ವಾರ ಹೆಣೆದದ್ದು ಸಡಿಲವಾಗಿದೆ ಎಂದು ಅಜ್ಜ ಪೂರ್ತಿ ಬಿಚ್ಚಿಸಿದರು. ಎಳೆಗಳ ಮೇಲೆ ಹೆಬ್ಬೆರಳು ಓಡಿಸಿ, ಸದ್ದು ಕೇಳಿಯೇ ಬಿಗಿ ಎಷ್ಟಿದೆ ಎಂದು ಹೇಳಿಬಿಡುತ್ತಾರೆ!

ಈ ಹುರಿಗೂ ಒಂದು ಕಥೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಹೊರಗಿನಿಂದ ನಾರು ಬರುವುದು ಕಷ್ಟವಾದಾಗ ಬದಲಿಗೆ ಕಾಗದ ಹೊಸೆದರು. ಬಡತನಕ್ಕೆ ಹುಟ್ಟಿದ ಬದಲಿ ವಸ್ತು ಯುದ್ಧ ಮುಗಿದ ಮೇಲೂ ಉಳಿದುಕೊಂಡಿತು, ಈಗ ಅದೇ ಡೆನ್ಮಾರ್ಕಿನ ಗುರುತು. ಹರಿದರೆ ಬಿಚ್ಚಿ ಮತ್ತೆ ಹೆಣೆಯಬಹುದು, ಚೌಕಟ್ಟು ಹಾಗೇ ಇರುತ್ತದೆ. ಮರಕ್ಕೂ ವಾರ್ನಿಷ್ ಬಳಿದಿಲ್ಲ. ಬಿಸಿನೀರಿಗೆ ಸೋಪಿನ ಚೂರು ಕರಗಿಸಿ, ಬಟ್ಟೆಯಲ್ಲಿ ಅದ್ದಿ ಉಜ್ಜುತ್ತಾರೆ. ಮರ ಬೆಳ್ಳಗೆ, ಮುಟ್ಟಿದರೆ ರೇಷ್ಮೆಯ ಹಾಗೆ.

ಬ್ರೆಡ್‌ಗೇಡ್ ಬೀದಿಯಲ್ಲಿ ವಿನ್ಯಾಸದ ಮ್ಯೂಸಿಯಂ ಇದೆ. ಹದಿನೆಂಟನೆಯ ಶತಮಾನದಲ್ಲಿ ಆಸ್ಪತ್ರೆಯೆಂದು ಕಟ್ಟಿದ ಕಟ್ಟಡ, ತತ್ತ್ವಜ್ಞಾನಿ ಕೀರ್ಕೆಗಾರ್ಡ್ 1855ರಲ್ಲಿ ಕೊನೆಯುಸಿರೆಳೆದದ್ದು ಅಲ್ಲೇ. ಅದನ್ನು ಮ್ಯೂಸಿಯಂ ಆಗಿ ಮಾರ್ಪಡಿಸಿದವರಲ್ಲಿ ಒಬ್ಬರಾದ ಕೋರೆ ಕ್ಲಿಂಟ್ 1924ರಿಂದ ರಾಯಲ್ ಅಕಾಡೆಮಿಯಲ್ಲಿ ಪೀಠೋಪಕರಣದ ಪಾಠ ಹೇಳಿದವರು. ಕುರ್ಚಿಯ ನಕ್ಷೆ ಬಿಡಿಸುವ ಮೊದಲು ಮನುಷ್ಯನ ಮೈ ಅಳೆಯಿರಿ ಎಂಬ ಪಾಠ. ಅಲ್ಲಿ ಸುರಂಗದಂಥ ಒಂದು ಕೋಣೆಯ ಎರಡೂ ಕಡೆ ಗೋಡೆಯ ಗೂಡುಗಳಲ್ಲಿ ಬರೀ ಕುರ್ಚಿಗಳು. ನಾನು ಮೂರು ಸಲ ಹೋಗಿದ್ದೇನೆ. ಮೂರನೆಯ ಸಲ ಕುರ್ಚಿ ಬಿಟ್ಟು ಹೆಸರಿನ ಚೀಟಿಗಳನ್ನೇ ಓದಿದೆ. ವಿನ್ಯಾಸಕಾರರ ಹೆಸರಿನ ಜೊತೆ ಕುರ್ಚಿ ಮಾಡಿದ ಸ್ನೇಕರ್ ಹೆಸರು: ಫಿನ್ ಯೂಲ್ ಜೊತೆ ನೀಲ್ಸ್ ವೊಡರ್, ವೆಗ್ನರ್ ಜೊತೆ ಯೊಹಾನೆಸ್ ಹ್ಯಾನ್ಸನ್.

ಇದು ತಾನಾಗಿ ಆದದ್ದಲ್ಲ. ಕಾರ್ಖಾನೆಯ ಅಗ್ಗದ ಸಾಮಾನುಗಳ ಎದುರು ಕೈಕೆಲಸ ಸೋಲುತ್ತಿದ್ದಾಗ, ಕೋಪನ್‌ಹೇಗನ್ನಿನ ಸ್ನೇಕರ್‌ಗಳ ಸಂಘ 1927ರಿಂದ ವರ್ಷ ವರ್ಷ ಪ್ರದರ್ಶನ ನಡೆಸಲು ಶುರುಮಾಡಿತು. ಎಳೆಯ ವಾಸ್ತುಶಿಲ್ಪಿಗಳನ್ನು ಕರೆದು ಒಬ್ಬೊಬ್ಬ ಸ್ನೇಕರ್ ಜೊತೆ ಜೋಡಿ ಮಾಡಿದರು. 1966ರ ತನಕ ನಡೆಯಿತು. ನನ್ನ ಮಟ್ಟಿಗೆ ಡೆನ್ಮಾರ್ಕಿನ ಕುರ್ಚಿಯ ನಿಜವಾದ ಹುಟ್ಟು ಇಲ್ಲಿದೆ, ಒಬ್ಬಿಬ್ಬರು ಪ್ರತಿಭಾವಂತರ ತಲೆಯಲ್ಲಿ ಅಲ್ಲ. ನಕ್ಷೆ ಬರೆದವರು “ಈ ತೋಳು ಇನ್ನೂ ತೆಳ್ಳಗಾಗಲಿ” ಎಂದರೆ, ಮಾಡುವವರು “ಅಲ್ಲಿ ಮರದ ಎಳೆ ಅಡ್ಡ ಬರುತ್ತದೆ, ಸೀಳುತ್ತದೆ” ಎಂದು ಮುಖಕ್ಕೇ ಹೇಳುವಷ್ಟು ಸಮ ನಿಂತ ಜೋಡಿಯಿಂದಲೇ ಇಂಥ ಕುರ್ಚಿ ಹುಟ್ಟಲು ಸಾಧ್ಯ. ಅಜ್ಜ ಇದನ್ನು ಒಪ್ಪುತ್ತಾರೆ. ಹಾಗೆ ಜಗಳವಾಡುವುದೇ ಕೆಲಸದ ಅರ್ಧ ಭಾಗವಾಗಿತ್ತಂತೆ.

1949ರ ಪ್ರದರ್ಶನ ಒಂದನ್ನೇ ನೋಡಿ. ಫಿನ್ ಯೂಲ್ ರೂಪಿಸಿ ನೀಲ್ಸ್ ವೊಡರ್ ಮಾಡಿದ, ರೆಕ್ಕೆಯಂಥ ಅಗಲ ತೋಳುಗಳ ದೊಡ್ಡ ಒರಗು ಕುರ್ಚಿ ಅಲ್ಲಿತ್ತು. ಉದ್ಘಾಟನೆಗೆ ಬಂದ ದೊರೆ ಒಂಬತ್ತನೆಯ ಫ್ರೆಡರಿಕ್ ಅದರಲ್ಲೇ ಕೂತರು, ಅಂದಿನಿಂದ ಅದು ‘ನಾಯಕನ ಕುರ್ಚಿ’. ಅದೇ ವರ್ಷ ವೆಗ್ನರ್ ಮತ್ತು ಯೊಹಾನೆಸ್ ಹ್ಯಾನ್ಸನ್ ಜೋಡಿಯ ದುಂಡು ಬೆನ್ನಿನ ಕುರ್ಚಿಯೂ ಬಂತು. 1960ರಲ್ಲಿ ಕೆನಡಿ ಮತ್ತು ನಿಕ್ಸನ್ ಅಮೆರಿಕದ ಟಿವಿಯಲ್ಲಿ ಮುಖಾಮುಖಿ ವಾದ ಮಾಡಿದಾಗ ಕೂತದ್ದು ಅದರಲ್ಲೇ.

ಆ ಕಾಲದ ಎಷ್ಟೋ ಕುರ್ಚಿಗಳು ತೇಗದವು. ಡೆನ್ಮಾರ್ಕಿನಲ್ಲಿ ತೇಗ ಬೆಳೆಯುವುದಿಲ್ಲ. ಡೇನಿಷ್ ವ್ಯಾಪಾರ ಕಂಪನಿಯೊಂದು ಸಿಯಾಮಿನ, ಅಂದರೆ ಈಗಿನ ಥೈಲ್ಯಾಂಡಿನ, ಕಾಡುಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಬೇರೂರಿತ್ತು. ಮರ ನಮ್ಮ ದಾಂಡೇಲಿ, ಹಳಿಯಾಳದ ಸಾಗುವಾನಿಯದೇ ಜಾತಿ. ಮ್ಯೂಸಿಯಂನಲ್ಲಿ ಅದರ ಬಣ್ಣ ಕಂಡಾಗ ನಮ್ಮನೆಯ ಜಗಲಿ ಕಣ್ಣಿಗೆ ಬಂತು.

ಸಾಗರದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಒಂದು ಈಸಿ ಚೇರಿದೆ. ಸಾಗುವಾನಿಯದು, ಬೆತ್ತ ಹೆಣೆದದ್ದು, ಕಾಲು ಚಾಚಲು ತೋಳಿನಡಿಯಿಂದ ಹೊರಗೆ ತಿರುಗಿಸುವ ಪಟ್ಟಿಗಳಿರುವಂಥದು. ಅಜ್ಜಯ್ಯ ಮಾಡಿಸಿದ್ದು ಎಂದೇ ಹೇಳುತ್ತಾ ಬಂದಿದ್ದೇವೆ. ಮಾಡಿದ್ದು ಯಾರು? ಅಮ್ಮನಿಗೆ ಫೋನ್ ಮಾಡಿದೆ.

“ಆಚಾರ್ರು ಮಾಡಿದ್ದು.”

“ಯಾವ ಆಚಾರ್ರು? ಹೆಸರೇನು?”

“ಆಚಾರ್ರು ಅಂತಲೇ ಎಲ್ಲರೂ ಕರೀತಿದ್ದದ್ದು. ನಮ್ಮನೆ ಬಾಗಿಲು, ತೊಟ್ಟಿಲು ಎಲ್ಲಾ ಅವರದ್ದೇ. ಈಗ ಯಾಕೆ ಮಾರಾಯ್ತಿ?”

ಆ ತೊಟ್ಟಿಲಲ್ಲಿ ಮಲಗಿ ಬೆಳೆದವಳು ನಾನು. ವೆಗ್ನರ್ ಕಲಿತ ಊರು ಗೊತ್ತು, ಫಿನ್ ಯೂಲ್ ಕುರ್ಚಿ ಮಾಡಿದವರ ಹೆಸರು ಗೊತ್ತು, ನನ್ನ ತೊಟ್ಟಿಲು ಮಾಡಿದವರ ಹೆಸರು ಗೊತ್ತಿಲ್ಲ. ಫೋನಿಟ್ಟ ಮೇಲೆ ಬಹಳ ಹೊತ್ತು ಸಂಕಟವಾಯಿತು. ಈಸಿ ಚೇರನ್ನು ಮಗುಚಿ ನೋಡಮ್ಮ ಎಂದು ಮರುದಿನ ಬೇಡಿಕೊಂಡೆ. ಪಕ್ಕದ ಮನೆಯ ಹುಡುಗನನ್ನು ಕರೆದು ಮಗುಚಿಸಿದಳು, ಫೋಟೋ ಕಳಿಸಿದಳು. ಹೆಸರೇನೂ ಇರಲಿಲ್ಲ. ಒಂದು ಕಾಲಿನ ಒಳಮೈಯಲ್ಲಿ ಉಳಿಯಿಂದ ಕೊರೆದ ಎರಡು ಸಣ್ಣ ಗೀರು, ಜೋಡಿಸುವಾಗ ಯಾವ ಕಾಲು ಎಲ್ಲಿಗೆ ಎಂದು ತಿಳಿಯಲು ಹಾಕಿಕೊಂಡ ಗುರುತಿರಬೇಕು.

ಫೋಟೋವನ್ನು ಕೆಳಮನೆಯ ಅಜ್ಜನಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಕಾಲು ಮತ್ತು ಅಡ್ಡಪಟ್ಟಿ ಸೇರುವ ಕೀಲನ್ನು ದೊಡ್ಡದು ಮಾಡಿ ಮತ್ತೆ ನೋಡಿದರು. ಮೊಳೆ ಹೊಡೆದಿಲ್ಲ, ಕೂದಲೆಳೆಯಷ್ಟೂ ಸಂದು ಬಿಟ್ಟಿಲ್ಲ. “ಎಷ್ಟು ವರ್ಷದ್ದು?” ಅರವತ್ತಾದರೂ ಇರಬೇಕು ಎಂದೆ. “ಯಾರು ಮಾಡಿದ್ದು?” ಎಂದು ಅವರೂ ಕೇಳಿದರು.

ಅಮ್ಮ ಈಗ ಊರಿನ ಹಿರಿಯರನ್ನೆಲ್ಲ ವಿಚಾರಿಸುತ್ತಿದ್ದಾಳೆ. ಆಚಾರ್ರ ಮಗಳನ್ನು ಹೊಸನಗರದ ಕಡೆ ಕೊಟ್ಟಿದ್ದರು ಎಂಬಷ್ಟು ಸುಳಿವು ಸಿಕ್ಕಿದೆ. ನಿಮ್ಮ ಮನೆಯಲ್ಲೂ ಅಂಥದೊಂದು ಕುರ್ಚಿಯಿದ್ದರೆ, ಮನೆಯ ಹಿರಿಯರಿಗೆ ನೆನಪಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ತಡವಾಗಿದೆ.

ನಾಳೆ ಭಾನುವಾರ, ಬೆನ್ನಿನ ಹೆಣಿಗೆ ಶುರು. ಹುರಿಯ ಹೊಸ ಉಂಡೆ ತಂದಿಟ್ಟಿದ್ದೇನೆ.