ಎರಡು ಕಾರ್ಡುಗಳ ನಡುವಿನ ಏಳು ತಿಂಗಳು

ಧಾರವಾಡ ಜಿಲ್ಲೆಯ ಪೂರ್ವದ ಎರೆ ಸೀಮೆಯಲ್ಲಿದ್ದ ನಮ್ಮ ಹಿರಿಯರ ಮೇಲ್ಮುದ್ದೆಯ (ಮಣ್ಣಿನ ಮಾಳಿಗೆಯ) ಮನೆಯನ್ನು ಕೆಡವುವುದೆಂದು ನಿಶ್ಚಯವಾದಾಗ, ಪಡಸಾಲೆಯ ಗೂಟಕ್ಕೆ ತೂಗುಬಿಟ್ಟಿದ್ದ ಒಂದು ತಂತಿಯನ್ನು ನಾನು ಕೇಳಿ ತೆಗೆದುಕೊಂಡೆ. ಬಂದ ಕಾಗದವನ್ನು ಓದಿ, ನಡುವೆ ಚುಚ್ಚಿ, ಆ ತಂತಿಗೆ ಪೋಣಿಸುವುದು ಹಿಂದಿನವರ ರೂಢಿ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಹಾಗಾಗಿ ಕಾಗದಗಳನ್ನು ಕ್ರಮವಾಗಿ ಜೋಡಿಸುವ ಕೆಲಸವನ್ನು ತಂತಿಯೇ ಮಾಡಿಟ್ಟಿತ್ತು. ಅವಸರದಲ್ಲಿ ಮೊದಲ ಹತ್ತಿಪ್ಪತ್ತು ಕಾಗದಗಳನ್ನು ಕಳಚಿ ಆ ಕ್ರಮವನ್ನು ಕೆಡಿಸಿದ್ದು ನನ್ನ ಅವಿವೇಕ.

ಹೆಚ್ಚಿನವು ಕಾಲಾಣೆಯ ಪೋಸ್ಟ್ ಕಾರ್ಡುಗಳು. ಕಾರ್ಡಿನ ದರ 1922ರಲ್ಲಿ ಅರ್ಧಾಣೆಗೆ ಏರಿತಾದ್ದರಿಂದ ಇವೆಲ್ಲ ಅದಕ್ಕಿಂತ ಹಿಂದಿನವು ಎಂಬುದು ಮುದ್ರೆಯನ್ನು ನೋಡಿದೊಡನೆಯೇ ತಿಳಿಯುತ್ತದೆ. ಬರೆದವರು ಇಸವಿ ಹಾಕುತ್ತಿರಲಿಲ್ಲ. ಸಂವತ್ಸರ, ಮಾಸ, ತಿಥಿ ಇಷ್ಟೇ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಅದೊಂದನ್ನೇ ನಂಬಿದರೆ ಮೊಮ್ಮಗನ ಕಾಗದವನ್ನು ಅಜ್ಜನ ತಲೆಗೆ ಕಟ್ಟುವ ಅಪಾಯವಿದೆ. ಆದರೆ ಕಾರ್ಡಿನ ದರ, ಅಂಚೆಯ ಠಸ್ಸೆ ಮತ್ತು ಸಂವತ್ಸರ ಮೂರೂ ಕೂಡಿದರೆ ತಪ್ಪುವ ಸಂಭವ ಬಹಳ ಕಡಿಮೆ.

ಇಡೀ ಕಂತೆಯನ್ನು ಓದಿ ಮುಗಿಸಿದಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಮೂಲೆಗೆ ಅರಿಷಿಣ ಹಚ್ಚಿದ ಲಗ್ನದ ಕಾಗದಗಳಿದ್ದವು, ತೊಟ್ಟಿಲ ಕರೆಗಳಿದ್ದವು, ಜೋಳದ ಧಾರಣೆ, ಎತ್ತಿನ ಖರೀದಿ, ಉಳಿದ ಬಾಕಿಯ ತಗಾದೆ ಎಲ್ಲವೂ ಇದ್ದವು. ಸಾವಿನ ಸುದ್ದಿ ಮಾತ್ರ ಒಂದೂ ಇರಲಿಲ್ಲ. ಸಾವಿನ ಕಾಗದವನ್ನು ಮನೆಯೊಳಗೆ ಇಡಬಾರದು, ಓದಿ ಹರಿದು ಹಾಕಿ ಸ್ನಾನ ಮಾಡಬೇಕು ಎಂಬ ಪದ್ಧತಿ ನೆನಪಾದಾಗಲೇ ಅದರ ಕಾರಣ ಹೊಳೆದದ್ದು. ಆ ತಂತಿಯನ್ನಷ್ಟೇ ನಂಬಿದವನಿಗೆ ನಮ್ಮ ಮನೆತನದಲ್ಲಿ ಯಾರೂ ಸತ್ತೇ ಇಲ್ಲ!

ಆದರೂ ಸಾವು ಒಂದು ಕಡೆ ಇಣುಕಿತ್ತು. ಮುತ್ತಜ್ಜಿಗೆ ಅವಳ ಅಣ್ಣ ಬರೆದ ಕಾರ್ಡುಗಳಲ್ಲಿ, ಕಾಳಯುಕ್ತಿ ಸಂವತ್ಸರದ ಭಾದ್ರಪದದ ಒಂದು ಕಾರ್ಡು ‘ಚಿ. ಸೌ.’ ಎಂದು ಆರಂಭವಾಗಿ, ಮಳೆ ಕೈಕೊಟ್ಟಿದೆ, ಬಿತ್ತಿದ್ದು ಏಳಲಿಲ್ಲ ಎಂದು ಹೇಳಿ ಮುಗಿಯುತ್ತದೆ. ಅವನ ಮುಂದಿನ ಕಾರ್ಡು ಸಿದ್ಧಾರ್ಥಿ ಸಂವತ್ಸರದ ಚೈತ್ರದ್ದು. ಅದರಲ್ಲಿ ಅದೇ ಹೆಸರಿನ ಹಿಂದೆ ‘ಗಂ. ಭಾ.’ ಎಂದಿದೆ. ಸೌಭಾಗ್ಯವತಿ ಗಂಗಾಭಾಗೀರಥಿ, ಎಂದರೆ ವಿಧವೆ, ಆದದ್ದನ್ನು ಅಣ್ಣ ಬೇರೆ ಮಾತಿನಲ್ಲಿ ಎಲ್ಲಿಯೂ ಹೇಳಿಲ್ಲ. ಇಸವಿಯಲ್ಲಿ ಹೇಳುವುದಾದರೆ ಇದು 1918ರ ಸೆಪ್ಟೆಂಬರ್‌ನಿಂದ 1919ರ ಏಪ್ರಿಲ್‌ವರೆಗಿನ ಅವಧಿ. ಜೂನ್‌ನಲ್ಲಿ ಮುಂಬಯಿ ಬಂದರಿನ ಮೂಲಕ ಹೊಕ್ಕ ಇನ್‌ಫ್ಲುಯೆಂಜಾ ಎರಡನೆಯ ಸುತ್ತಿನಲ್ಲಿ, ಆಗ ಧಾರವಾಡವೂ ಸೇರಿದ್ದ ಮುಂಬಯಿ ಪ್ರಾಂತ್ಯವನ್ನು ಹಿಂಡಿದ್ದು, ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಆ ಮಳೆಯಿಲ್ಲದ ವರ್ಷದಲ್ಲೇ. ಮುತ್ತಜ್ಜ ಹೋದದ್ದು ಆ ಬೇನೆಯಿಂದಲೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಹಾಗಿರಬಹುದೆಂಬ ಊಹೆಯನ್ನು ಬಿಡಲಾರೆ ಕೂಡ.

ಮನೆಯ ಕಾಗದ ಮುಚ್ಚಿಟ್ಟ ಸಾವನ್ನು ಸರಕಾರದ ದಫ್ತರ ಮರೆಯುವುದಿಲ್ಲ, ಏಕೆಂದರೆ ಒಬ್ಬ ಹಿಡುವಳಿದಾರ ಸತ್ತರೆ ಕಂದಾಯಕ್ಕೆ ಇನ್ನೊಬ್ಬನ ಹೆಸರು ಬೇಕು. ಮುಂಬಯಿ ಪ್ರಾಂತ್ಯದಲ್ಲಿ ಹಕ್ಕುದಾಖಲೆಯ ಪದ್ಧತಿ 1903ರ ಕಾಯ್ದೆಯಿಂದ ಬಂದದ್ದಾದ್ದರಿಂದ ಈ ಕಾಲದ ವಾರಸಾ ನೋಂದಣಿ ದೊರೆಯುವ ಆಸೆಯಿತ್ತು. ಕೈಬರಹದ ಹಳೆಯ ಉತಾರಗಳಲ್ಲಿ (ಜಮೀನಿನ ದಾಖಲೆಯ ಪ್ರತಿಗಳಲ್ಲಿ) ಹುಡುಕುವಾಗ ನಮ್ಮ ಹೊಲದ ಸರ್ವೆ ನಂಬರಿನ ಮುಂದೆ ಅಜ್ಜನ ಹೆಸರೂ, ಅದರ ಬೆನ್ನಿಗೆ ‘ಅ.ಪಾ.ಕ. ತಾಯಿ’ ಎಂಬ ಬರಹವೂ ಸಿಕ್ಕವು. ಅಜ್ಞಾನ, ಅಂದರೆ ಪ್ರಾಯಕ್ಕೆ ಬಾರದ, ಮಗುವಿನ ಪಾಲನಕರ್ತೆ ತಾಯಿ ಎಂದು ಅದರ ಅರ್ಥ. ಅವಿಭಕ್ತ ಕುಟುಂಬದ ವಿಧವೆಗೆ 1937ರ ಕಾಯ್ದೆ ಬರುವವರೆಗೆ ಪೋಟಗಿಯ (ಜೀವನಾಂಶದ) ಹೊರತು ಆಸ್ತಿಯಲ್ಲಿ ಪಾಲಿರಲಿಲ್ಲ. ಮಗ ಚಿಕ್ಕವನಾಗಿದ್ದನೆಂಬ ಒಂದೇ ಕಾರಣಕ್ಕೆ ಮುತ್ತಜ್ಜಿಯ ಹೆಸರು ದಫ್ತರದಲ್ಲಿ ಉಳಿಯಿತು. ಅವನು ಪ್ರಾಯಕ್ಕೆ ಬಂದ ಮೇಲಿನ ಉತಾರಗಳಲ್ಲಿ ಅವಳಿಲ್ಲ.

ತೊಡಕು ಬಂದದ್ದು ಇಲ್ಲೇ. ಉತಾರದಲ್ಲಿದ್ದ ತಾಯಿಯ ಹೆಸರು ಅಣ್ಣನ ಕಾರ್ಡುಗಳಲ್ಲಿದ್ದ ಹೆಸರಾಗಿರಲಿಲ್ಲ. ಮುತ್ತಜ್ಜನಿಗೆ ಇಬ್ಬರು ಹೆಂಡಿರೆಂದು ತಿಳಿದು ವಂಶವೃಕ್ಷದಲ್ಲಿ ಒಂದು ಕೊಂಬೆಯನ್ನು ಹೆಚ್ಚಿಗೆ ಬರೆದು, ಅದನ್ನು ನಾಲ್ಕಾರು ಬಂಧುಗಳಿಗೆ ಹಂಚಿಯೂ ಬಿಟ್ಟಿದ್ದೆ.

ಅದನ್ನು ತಿದ್ದಿದ್ದು ಮನೆ ಕೆಡವುವಾಗ ಬಚ್ಚಲಿನಿಂದ ಹೊರಬಂದ ತಾಮ್ರದ ಹಂಡೆ. ಅದರ ಕಂಠದ ಕೆಳಗೆ ಚಾಣದಿಂದ ಚುಕ್ಕೆ ಚುಕ್ಕೆಯಾಗಿ ಕೊರೆದ ಒಂದು ಸಾಲಿತ್ತು. ಹುಣಿಸೆಹಣ್ಣು ಹಚ್ಚಿ ನೂರು ವರ್ಷ ತಿಕ್ಕಿದ್ದರಿಂದ ಅಕ್ಷರಗಳು ಸವೆದಿದ್ದವು; ಬೆರಳಿಗೆ ತಿಳಿದಷ್ಟು ಕಣ್ಣಿಗೆ ತಿಳಿಯುತ್ತಿರಲಿಲ್ಲ. ತೆಳುವಾದ ಕಾಗದವಿಟ್ಟು ಮೇಲೆ ಪೆನ್ಸಿಲ್ ಉಜ್ಜಿದಾಗ ಮೊದಲು ಉತಾರದಲ್ಲಿದ್ದ ಹೆಸರು, ಅದರ ಮುಂದೆ ‘ಇವಳಿಗೆ’ ಎಂಬ ಪದ, ಕೊನೆಗೆ ಕೊಟ್ಟವನ ಹೆಸರು ಮೂಡಿದವು. ಕೊಟ್ಟವನು ಆ ಕಾರ್ಡುಗಳನ್ನು ಬರೆದ ಅಣ್ಣನೇ.

ಸೋದರತ್ತೆಗೆ ಫೋನ್ ಮಾಡಿ ಕೇಳಿದೆ. ಇಷ್ಟಕ್ಕೆ ಇಷ್ಟು ತಿರುಗಾಡಿದೆಯಾ ಎಂಬ ಧಾಟಿಯಲ್ಲಿ ಅವರು ನಕ್ಕರು. “ಲಗ್ನದಾಗ ಹೆಸರು ಬದಲ ಮಾಡತಿದ್ರಪಾ. ತವರಿನವರ ಬಾಯಾಗ ಮಾತ್ರ ಹಳೇ ಹೆಸರು. ಹಂಡೇದ ಮ್ಯಾಲೆ ಅದನ್ನ ಹೆಂಗ ಹಾಕಸತಾರ? ಅತ್ತಿಮನ್ಯಾಗ ಇಡೂದಲ್ಲ ಅದು?”

ಹೆಚ್ಚಿಗೆ ಬರೆದ ಕೊಂಬೆಯನ್ನು ಅಳಿಸಿ, ಪಟ್ಟಿ ಪಡೆದ ಬಂಧುಗಳಿಗೆಲ್ಲ ತಿದ್ದಿದ ಪ್ರತಿಯನ್ನು ಕಳಿಸಿದ್ದೇನೆ. ಅದರಲ್ಲಿ ಮುತ್ತಜ್ಜಿಯ ಎರಡು ಹೆಸರುಗಳನ್ನೂ ಒಂದೇ ಸಾಲಿನಲ್ಲಿ, ತವರಿನದನ್ನು ಮೊದಲು ಬರೆದಿದ್ದೇನೆ. ಹಂಡೆ ಈಗ ಕಾಕಾನ ಮನೆಯ ಬಚ್ಚಲಿನಲ್ಲಿದೆ. ಹೆಸರಿರುವ ಕಡೆ ಹುಣಿಸೆಹಣ್ಣು ಹಚ್ಚಬೇಡಿರೆಂದು ಕಾಕುವಿಗೆ ಹೇಳಿ ಬಂದಿದ್ದೇನೆ.