ಪ್ಲಾಟ್‌ಫಾರ್ಮಿನ ಕೊನೆಗೆ

13 ನವೆಂಬರ್ 2025, ಗುರುವಾರ ರಾತ್ರಿ, ಹುಬ್ಬಳ್ಳಿ ಸ್ಟೇಷನ್

ರೈಲು ಒಂದೂವರೆ ಗಂಟೆ ಲೇಟು. ಅಫಿಡವಿಟ್ ಡ್ರಾಫ್ಟ್ ಇವತ್ತೇ ನಮ್ಮ ಸೀನಿಯರ್ ವಕೀಲರಿಗೆ ಹೋಗಬೇಕು. ನನ್ನ ಸಿಮ್‌ಗೆ ಸಿಗ್ನಲ್ ಒಂದೇ ಕಡ್ಡಿ, ಸ್ಟೇಷನ್ ವೈಫೈ ಮಾತ್ರ ಫುಲ್ಲು. ಬೆರಳು ಅಲ್ಲಿಗೇ ಹೋಯಿತು.

ಆಗ ಕೋರ್ಟ್ ಕ್ಯಾಂಟೀನ್ ನೆನಪಾಯಿತು. ಹೋದ ತಿಂಗಳು ನಮ್ಮ ಆಫೀಸಿನ ಹುಡುಗ ಸುಮ್ನೆ ತಮಾಷೆಗೆ ಫೋನಿನ ಹಾಟ್‌ಸ್ಪಾಟ್‌ಗೆ 'ಫ್ರೀ ವೈಫೈ' ಅಂತ ಹೆಸರಿಟ್ಟು, ಪಾಸ್‌ವರ್ಡ್ ತೆಗೆದು ಕೂತ. ಚಹಾ ಬರುವಷ್ಟರಲ್ಲಿ ನಾಲ್ಕು ಕರಿಕೋಟು ಬಲೆಗೆ ಬಿದ್ದಿದ್ದವು. ಅದರಲ್ಲೊಂದು ನಮ್ಮ ಸೀನಿಯರ್ ಫೋನು! ನೆಟ್‌ವರ್ಕಿನ ಹೆಸರು ಅಂದರೆ ಅಂಗಡಿ ಬೋರ್ಡ್ ಇದ್ದ ಹಾಗೆ, ಯಾರು ಬೇಕಾದರೂ ಬರೆಸಬಹುದು. ಬೀಗದ ಗುರುತಿರುವ ಸೈಟಾದರೆ ವೈಫೈ ಇಟ್ಟವನಿಗೆ ಒಳಗಿನ ಅಕ್ಷರ ಕಾಣುವುದಿಲ್ಲ, ನಿಜ. ಆದರೆ ನಾವು ಯಾವ ಸೈಟಿಗೆ ಹೋದೆವು ಅನ್ನೋದು ಸಾಮಾನ್ಯವಾಗಿ ಕಾಣುತ್ತದೆ. ಸುಳ್ಳು ಲಾಗಿನ್ ಪುಟ ತೋರಿಸಿ ಮೇಲ್ ಪಾಸ್‌ವರ್ಡ್ ಕೇಳಿದರೆ, ಅವಸರದಲ್ಲಿ ನಾನೂ ಕೊಟ್ಟುಬಿಡುತ್ತಿದ್ದೆನೋ ಏನೋ.

ಈ ಅಫಿಡವಿಟ್ ಕೊಡಬೇಕಾದ ನಮ್ಮ ಕಕ್ಷಿದಾರ ಹೆಂಗಸು ಸೋಮವಾರ ಬಾಗಿಲು ಹಾಕಿಸಿಕೊಂಡು ಕೇಳಿದ್ದಳು: "ಊರಾಗ ಯಾರಿಗೂ ಗೊತ್ತಾಗಂಗಿಲ್ಲಲ್ರಿ ಮೇಡಮ್ಮಾರ?" ಕಾನೂನೇ ಇದೆ, ನೀವು ಒಪ್ಪದೆ ನಾನು ಬಾಯಿ ಬಿಡುವ ಹಾಗಿಲ್ಲ ಅಂದೆ. ಸೆಕ್ಷನ್ 126 ಅಂತಲೂ ಹೇಳಿದೆ. ಅದು 1872ರ ಹಳೇ ಸಾಕ್ಷ್ಯ ಕಾಯ್ದೆಯ ನಂಬರು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132. ನಾಲಿಗೆ ಇನ್ನೂ ಹಳೆಯದನ್ನೇ ಹೇಳುತ್ತದೆ. ಅವಳಿಗೇನು, ತಲೆಯಾಡಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಡ್ರಾಫ್ಟಿನ ಒಂಬತ್ತನೇ ಪ್ಯಾರಾದಲ್ಲಿ ಇರುವುದನ್ನು ಅವಳು ತವರಿಗೂ ಹೇಳಿಲ್ಲ.

ವೈಫೈ ಆಫ್ ಮಾಡಿದೆ. ಫೈಲಿಗೆ ಪಾಸ್‌ವರ್ಡ್ ಹಾಕಿ, ಆ ಒಂದೇ ಕಡ್ಡಿಯಲ್ಲಿ ಕಳಿಸಿದೆ. ಹನ್ನೊಂದು ನಿಮಿಷ ಹಿಡಿಯಿತು. ಒಳಗೊಳಗೇ ಬೀಗಿದೆ, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಸೀನಿಯರ್ ಫೋನು. "ಓಪನ್ ಆಗ್ತಿಲ್ಲ. ಪಾಸ್‌ವರ್ಡ್ ಏನಮ್ಮ?"

ಪಕ್ಕದಲ್ಲಿ ಗಿರ್ಮಿಟ್ ತಿನ್ನುತ್ತಿದ್ದ ಅಜ್ಜ ಬಾಯಾಡಿಸುವುದನ್ನೇ ನಿಲ್ಲಿಸಿದರು. ಅವರಿಗೆ ಕೇಳಿಸಿದ್ದರೆ ಏನಾಗುತ್ತಿತ್ತು ಅಂತ ಈಗ ನಗು ಬರುತ್ತದೆ. ಆಗ ಬರಲಿಲ್ಲ. ಬ್ಯಾಗ್ ಎತ್ತಿಕೊಂಡು ನಡೆದೆ. ಇಲ್ಲಿನ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್, ಪ್ರಪಂಚದಲ್ಲೇ ಉದ್ದದ್ದಂತೆ. ಇಷ್ಟುದ್ದ ಯಾಕೆ ಬೇಕಿತ್ತು ಅಂತ ಸಾಮಾನು ಹೊತ್ತಾಗಲೆಲ್ಲ ಬೈದುಕೊಂಡವಳು ನಾನು. ಜನ, ಬೆಂಚು, ದೀಪ ಎಲ್ಲ ಹಿಂದೆ ಬಿದ್ದ ಮೇಲೆ ಪಿಸುಗುಟ್ಟಿದೆ.

"ಕೇಳಿಸ್ತಿಲ್ಲ, ಜೋರಾಗಿ ಹೇಳು."

ಹಳಿಯ ಆಚೆ ಒಂದು ಬೀಡಿ ಕೆಂಪಗೆ ಹೊಳೆಯಿತು. "ಸರ್, ಎಸ್ ಫಾರ್ ಶಿರಸಿ, ಆಮೇಲೆ..."